ಕಂಪ್ಯೂಟರಿಗೊಂದು ಮರಣಪತ್ರ

ನನ್ನ ಹೆಸರು ಸರ್ವಮಂಗಳ. ಹದಿನಾಲ್ಕು ವರ್ಷ ನಮ್ಮ ಊರಿನ ಪಟ್ಟಣ ಮಂಡಳಿಯಲ್ಲಿ ಕಂಪ್ಯೂಟರುಗಳಿಗೆ ಮರಣಪತ್ರ ಬರೆಯುವ ಕೆಲಸ ಮಾಡಿದೆ. ಹೆಸರಿಗೂ ಕೆಲಸಕ್ಕೂ ಇರುವ ಸಂಬಂಧ ನೋಡಿ ಹೊರಗಿನಿಂದ ಬಂದವರು ನಗುತ್ತಿದ್ದರು. ಊರಿನವರು ನಗುತ್ತಿರಲಿಲ್ಲ. ಯಾವುದಕ್ಕೆ ನಗಬೇಕು ಎನ್ನುವುದನ್ನೂ ಮಂಡಳಿ ನೋಟೀಸು ಬೋರ್ಡಿನಲ್ಲಿ ಹಾಕಲಿ ಎಂದು ಕಾಯುವ ಜನ ನಮ್ಮವರು.

ನಮ್ಮಲ್ಲಿ ಮನೆಗೊಂದು ಕಂಪ್ಯೂಟರು. ಅದಕ್ಕೆ ಏಳು ವರ್ಷ ತುಂಬಿದ ದಿನ ನಾನು ಮಂಡಳಿಯ ಪೆನ್‌ಡ್ರೈವ್ ಹಿಡಿದು ಆ ಮನೆಗೆ ಹೋಗುತ್ತಿದ್ದೆ. ಅದರಲ್ಲಿ ಆ ವರ್ಷದ ಹೊಸ ಆಪರೇಟಿಂಗ್ ಸಿಸ್ಟಮ್ ಇರುತ್ತಿತ್ತು. ಚುಚ್ಚಿದ ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ‘ಈ ಯಂತ್ರಕ್ಕೆ ಹೊಸ ಆವೃತ್ತಿ ಒಗ್ಗುವುದಿಲ್ಲ’ ಎಂದು ಬರುತ್ತಿತ್ತು. ನಾನು ಗಡಿಯಾರ ನೋಡಿ, ವೇಳೆ ಬರೆದು, ರುಜು ಹಾಕಿ, ಮರಣಪತ್ರವನ್ನು ಯಜಮಾನರ ಕೈಗೆ ಕೊಡುತ್ತಿದ್ದೆ. ಆ ಗಳಿಗೆಯಿಂದ ಆ ಮನೆಗೆ ಮೂರು ದಿನ ಸೂತಕ. ಕಂಪ್ಯೂಟರಿನ ಮೇಲೆ ಬಿಳಿ ಪಂಚೆ ಹೊದಿಸಬೇಕು, ಒಲೆ ಹಚ್ಚಬಾರದು, ನೆರೆಯವರು ಊಟ ತಂದುಕೊಡಬೇಕು. ಮೂರನೆಯ ದಿನ ಬೆಳಿಗ್ಗೆ ತಮಟೆಯವರ ಹಿಂದೆ ಚಟ್ಟದ ಮೇಲೆ ಅದರ ಮೆರವಣಿಗೆ ಗೋದಾಮಿಗೆ. ಮಾರನೆಯ ದಿನ ಹೊಸ ಕಂಪ್ಯೂಟರು ಬರುತ್ತಿತ್ತು, ಅದಕ್ಕೆ ಆರತಿ.

ಜನ ಇದಕ್ಕೆ ಎಷ್ಟು ಚೆನ್ನಾಗಿ ಒಗ್ಗಿಕೊಂಡಿದ್ದರೆಂದರೆ, ಮಗಳಿಗೆ ಗಂಡು ನೋಡುವಾಗ ಆ ಮನೆಯ ಕಂಪ್ಯೂಟರಿನ ವಯಸ್ಸು ಕೇಳುವುದು ವಾಡಿಕೆಯಾಗಿತ್ತು. ಲಗ್ನದ ದಿನವೇ ಸೂತಕ ಬಂದರೆ ಛತ್ರದವರು ಮುಂಗಡ ವಾಪಸು ಕೊಡುವುದಿಲ್ಲ. ನನ್ನ ಸ್ಕೂಟರು ಒಂದು ಬೀದಿಯಲ್ಲಿ ನಿಂತಿತೆಂದರೆ ಅಕ್ಕಪಕ್ಕದ ಅಡುಗೆಮನೆಗಳಲ್ಲಿ ಉಪ್ಪಿಟ್ಟಿಗೆ ರವೆ ಹುರಿಯುವ ವಾಸನೆ ಏಳುತ್ತಿತ್ತು. ನಾನಿನ್ನೂ ಹೊಸಿಲು ದಾಟಿರುತ್ತಿರಲಿಲ್ಲ.

ಹೀಗೆ ಒಂದು ದಿನ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯ ಗೌರಾಂಬನವರ ಸರದಿ ಬಂತು.

ಗೌರಾಂಬ ಇಪ್ಪತ್ತೆಂಟು ವರ್ಷ ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗಿದವರು. ಊರಿನಲ್ಲಿ ಆ ಧ್ವನಿ ಗೊತ್ತಿಲ್ಲದವರಿಲ್ಲ. ಐದು ವರ್ಷದ ಹಿಂದೆ ಗಂಟಲಿನ ಕ್ಯಾನ್ಸರ್ ಬಂದು ಆಪರೇಷನ್ ಆಯಿತು, ಜೀವ ಉಳಿಯಿತು, ಧ್ವನಿ ಹೋಯಿತು. ಆಗ ರೇಡಿಯೊ ರಿಪೇರಿಯ ಜಲೀಲ್ ಸಾಬರು ಬಸ್ ಸ್ಟ್ಯಾಂಡಿನ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ತರಿಸಿ, ಅವರ ಮಾತನ್ನು ಅಕ್ಷರ ಅಕ್ಷರವಾಗಿ ಬಿಡಿಸಿ, ಒಂದು ಕಾರ್ಡಿನಲ್ಲಿ ಕೂರಿಸಿ ಆಕೆಯ ಕಂಪ್ಯೂಟರಿಗೆ ಹಾಕಿಕೊಟ್ಟಿದ್ದರು. ಆ ಕೆಲಸಕ್ಕೆ ಅವರಿಗೆ ಒಂಬತ್ತು ತಿಂಗಳು ಹಿಡಿದಿತ್ತು. ಗೌರಾಂಬ ಟೈಪು ಮಾಡಿದ್ದನ್ನು ಕಂಪ್ಯೂಟರು ಅವರದೇ ಧ್ವನಿಯಲ್ಲಿ ಹೇಳುತ್ತಿತ್ತು. ಊರಿನ ಫೋನ್ ಲೈನು ಕೂಡ ಅದಕ್ಕೇ ಜೋಡಿಸಿತ್ತು, ಫೋನಿನ ಮಾತೂ ಅದರಿಂದಲೇ. ಬಸ್ ಸ್ಟ್ಯಾಂಡಿನ ವಿಚಾರಣೆ ಕೌಂಟರಿನವರು ಫೋನು ಎತ್ತುವುದಿಲ್ಲವಾದ್ದರಿಂದ ಬಸ್ಸಿನ ವೇಳೆ ಬೇಕಾದವರು ಈಗಲೂ ಗೌರಾಂಬನವರಿಗೇ ಫೋನು ಮಾಡುತ್ತಿದ್ದರು. ಅವರು ಬೇಸರವಿಲ್ಲದೆ ಹೇಳುತ್ತಿದ್ದರು. ಬಸ್ಸು ತಡವಾದರೆ ಡ್ರೈವರನ್ನು ಬೈಯುವುದನ್ನೂ ಸೇರಿಸುತ್ತಿದ್ದರು.

ಬಾಗಿಲು ತೆರೆದವರೇ ಒಳಗೆ ಹೋಗಿ ಕೀಬೋರ್ಡಿನ ಮುಂದೆ ಕುಳಿತರು.

“ಬಾ ಸರ್ವಮಂಗಳಾ, ಕೂತ್ಕೊ. ಪಕ್ಕದ್ಮನೆಯವರು ಆಗ್ಲೇ ರವೆ ಹುರೀತಾ ಇದಾರೆ,” ಎಂದಿತು ಕಂಪ್ಯೂಟರು.

“ಅಕ್ಕಾ, ಇದಕ್ಕೆ ಇವತ್ತಿಗೆ ಏಳು ತುಂಬ್ತು,” ಎಂದೆ.

“ನನಗೆ ಅರವತ್ಮೂರು ತುಂಬ್ತು. ನನಗೆ ಪತ್ರ ಬರೆಯೋರು ಯಾರು?”

ನಾನು ಪೆನ್‌ಡ್ರೈವ್ ಚುಚ್ಚಿದೆ. ಬರಬೇಕಾದ ಸಾಲು ಬಂತು. ನನ್ನ ಕಣ್ಣು ಅಭ್ಯಾಸದ ಮೇಲೆ ಗಡಿಯಾರದ ಕಡೆ ತಿರುಗಿತು. ಹನ್ನೊಂದು ಗಂಟೆ ಇಪ್ಪತ್ತು ನಿಮಿಷ.

“ಹೊಸದು ಬರುತ್ತಲ್ಲಕ್ಕ. ಅದ್ರಲ್ಲೂ ಮಾತಾಡೋ ವ್ಯವಸ್ಥೆ ಇದೆ,” ಎಂದೆ. ನನ್ನ ಮಾತಿಗೆ ನನಗೇ ಮುಜುಗರವಾಯಿತು. ಜಲೀಲ್ ಸಾಬರ ಕಾರ್ಡು ಕೂರುವ ಜಾಗ ಈಗಿನ ಕಂಪ್ಯೂಟರುಗಳಲ್ಲಿ ಇಲ್ಲವೆಂದು ಬಲ್ಲವರಲ್ಲಿ ನಾನೂ ಒಬ್ಬಳು. ಹೊಸದರಲ್ಲಿ ಇರುವುದು ಮಂಡಳಿ ಕೊಟ್ಟ ಧ್ವನಿ, ಊರಿಗೆಲ್ಲ ಒಂದೇ.

“ಹಂಗಾದ್ರೆ ನೀನು ಬರೀತಿರೋದು ನನ್ನ ಬಾಯಿಗೆ ಮರಣಪತ್ರ. ಹೆಸರಿನ ಜಾಗದಲ್ಲಿ ಅದನ್ನೇ ಬರಿ.”

ಬರೆದೆ. ‘ಗೌರಾಂಬನವರ ಬಾಯಿ’ ಎಂದಲ್ಲ, ಕಂಪ್ಯೂಟರಿನ ನಂಬರನ್ನು. ರುಜು ಹಾಕಿದೆ. ಬಗ್ಗಿ ಪ್ಲಗ್ಗು ಎಳೆದೆ. ಅವರು ಇನ್ನೂ ಏನನ್ನೋ ಟೈಪು ಮಾಡುತ್ತಿದ್ದರು. “ನೀನು ಒಂದು ಸಲವಾದ್ರೂ—” ಎನ್ನುವಷ್ಟರಲ್ಲಿ ಧ್ವನಿ ನಿಂತಿತು. ಬೆರಳುಗಳು ಮಾತ್ರ ಮುಂದುವರಿದು ಆ ವಾಕ್ಯವನ್ನು ಮುಗಿಸಿಯೇ ಕೀಬೋರ್ಡಿನಿಂದ ಎದ್ದವು. ಆಮೇಲೆ ಗೌರಾಂಬ ಗೋಡೆಗೆ ತೂಗುಹಾಕಿದ್ದ ಸ್ಲೇಟು ತೆಗೆದುಕೊಂಡು, ನನಗೆ ಕೇಳಿಸದೆ ಹೋದದ್ದನ್ನು ದುಂಡಗೆ ಬರೆದು ತೋರಿಸಿದರು. ‘ಯಾಕೆ ಒಗ್ಗಲ್ಲ ಅಂತ ಯಾರನ್ನಾದ್ರೂ ಕೇಳಿದ್ದೀಯಾ?’

ಬಾಗಿಲಲ್ಲಿ ಉಪ್ಪಿಟ್ಟಿನ ಪಾತ್ರೆ ಹಿಡಿದು ಇಬ್ಬರು ಹೆಂಗಸರು ನಿಂತಿದ್ದರು. ಒಬ್ಬಾಕೆ ಆಗಲೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಗೌರಾಂಬನವರ ಕಂಪ್ಯೂಟರನ್ನು ಆಕೆ ಅದುವರೆಗೆ ನೋಡಿಯೇ ಇರಲಿಲ್ಲ.

ಮಧ್ಯಾಹ್ನವೇ ನಾನು ಮಂಡಳಿಯ ಅಧ್ಯಕ್ಷರಾದ ಪಂಚಾಕ್ಷರಪ್ಪನವರ ಕೋಣೆಗೆ ಹೋದೆ. ಊಟ ಮುಗಿಸಿ ಅಡಿಕೆ ಅಗಿಯುತ್ತ ಅವರು ಹೊಸ ಚಟ್ಟಗಳ ಮಾದರಿ ನೋಡುತ್ತಿದ್ದರು. ಬಿದಿರಿನದು ಬೇಡ, ಸ್ಟೀಲಿನದು ಮಾಡಿಸೋಣ ಎನ್ನುವುದು ಆ ವರ್ಷದ ಅವರ ಸುಧಾರಣೆ. ಗೌರಾಂಬನವರ ವಿಷಯ ಹೇಳಿ, ಒಂದು ವಿನಾಯಿತಿ ಕೊಡಿ ಎಂದೆ.

“ಸರ್ವಮಂಗಳಮ್ಮ, ಸಾವಿಗೆ ವಿನಾಯಿತಿ ಉಂಟಾ?” ಎಂದರು.

“ಸರ್, ಅದು ನಿಜವಾಗ್ಲೂ ಸತ್ತಿದ್ಯಾ? ನಾನು ಪ್ಲಗ್ ಎಳೆಯೋವರೆಗೂ ಮಾತಾಡ್ತಾ ಇತ್ತು.”

“ಪತ್ರ ಬರೆದೋರು ಯಾರು?”

“ನಾನು.”

“ನೀವು ಬರೆದ ಮೇಲೆ ಸತ್ತಿದೆ ಅಂತಲೇ. ನಿಮ್ಮ ರುಜು ಮೇಲೆ ನಿಮಗೇ ನಂಬಿಕೆ ಇಲ್ದೆ ಇದ್ರೆ ಹೆಂಗೆ?” ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿಕೊಂಡರು. “ಆಕೆಗೆ ಹೊಸದರಲ್ಲಿ ಮಂಡಳಿ ಧ್ವನಿ ಇದೆಯಲ್ಲ. ಎಷ್ಟು ಸ್ಪಷ್ಟವಾಗಿದೆ. ಆ ಹಳೇ ಧ್ವನಿಯಲ್ಲಿ ಏನಿದೆ, ಬರೀ ಬಸ್ಸಿನ ಧೂಳು.”

“ಯಾಕೆ ಒಗ್ಗಲ್ಲ ಸರ್?” ಎಂದಷ್ಟೇ ಕೇಳಿದೆ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ.

ಪಂಚಾಕ್ಷರಪ್ಪನವರು ನನ್ನ ಮುಖ ನೋಡಿದರು. ಅವರಿಗೂ ಗೊತ್ತಿರಲಿಲ್ಲ. ಅದು ಅವರ ಕಣ್ಣಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಇಷ್ಟು ವರ್ಷ ನಾನು ಭಯಪಟ್ಟುಕೊಂಡು ಬಂದ ಮನುಷ್ಯನ ತಲೆಯಲ್ಲಿ ಆ ಜಾಗ ಖಾಲಿ ಇತ್ತು. “ಒಗ್ಗಲ್ಲ ಅಂದ್ರೆ ಒಗ್ಗಲ್ಲ. ವಯಸ್ಸಾಯ್ತು,” ಎಂದು ಮತ್ತೆ ಚಟ್ಟದ ಚಿತ್ರಗಳ ಕಡೆ ಬಗ್ಗಿದರು.

ಮಾರನೆಯ ದಿನ ನಾನು ಜಲೀಲ್ ಸಾಬರ ಅಂಗಡಿಗೆ ಹೋದೆ. ಅಂಗಡಿಗಳ ಯಂತ್ರಗಳಿಗೆ ಸೂತಕದ ನಿಯಮವಿಲ್ಲ. ಅವರ ಮೇಜಿನ ಮೇಲಿದ್ದ ಕಂಪ್ಯೂಟರಿಗೆ ಹನ್ನೆರಡು ವರ್ಷವಾಗಿತ್ತು, ಮೇಲಿನ ಕವಚವಿರಲಿಲ್ಲ, ಒಳಗಿನ ಫ್ಯಾನು ಬರಿಗಣ್ಣಿಗೆ ತಿರುಗುವುದು ಕಾಣುತ್ತಿತ್ತು. ಅವರು ನನ್ನನ್ನು ಕೂರಲು ಹೇಳಲಿಲ್ಲ. ಒಂಬತ್ತು ತಿಂಗಳ ಕೆಲಸಕ್ಕೆ ಒಂದು ರುಜುವಿನಲ್ಲಿ ಮಣ್ಣು ಹಾಕಿದವಳನ್ನು ಯಾರು ತಾನೇ ಕೂರಿಸುತ್ತಾರೆ.

“ಸಾಬ್ರೆ, ಇದ್ರೊಳಗೆ ಏನಿದೆ ನೋಡ್ತೀರಾ?” ಎಂದು ಮಂಡಳಿಯ ಪೆನ್‌ಡ್ರೈವ್ ಮುಂದೆ ಹಿಡಿದೆ.

“ನೀವು ನೋಡಿಲ್ವಾ ಮೇಡಂ?”

“ಇಲ್ಲ.”

“ಹದಿನಾಲ್ಕು ವರ್ಷ ಕೈಯಲ್ಲಿ ಹಿಡ್ಕೊಂಡು ಓಡಾಡಿದ್ರಿ,” ಎಂದರು. ಬೈದಿದ್ದರೂ ಅಷ್ಟು ನಾಟುತ್ತಿರಲಿಲ್ಲ.

ಅವರು ಅದನ್ನು ಚುಚ್ಚಿ, ಒಳಗಿನ ಕಡತಗಳನ್ನು ಒಂದೊಂದಾಗಿ ತೆರೆದು ಓದುತ್ತಾ ಹೋದರು. ಹತ್ತು ನಿಮಿಷವೂ ಆಗಿರಲಿಲ್ಲ. ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ಹತ್ತಿರ ಕರೆದು, ಪರದೆಯ ಮೇಲೆ ಬೆರಳಿಟ್ಟು ಒಂದು ಸಾಲು ತೋರಿಸಿದರು.

“ಇದು ಸಿಸ್ಟಮ್ ಹಾಕೋಕೆ ಮುಂಚೆ ಒಂದೇ ಒಂದು ಪ್ರಶ್ನೆ ಕೇಳುತ್ತೆ. ಯಂತ್ರ ಹುಟ್ಟಿದ ವರ್ಷ ಯಾವ್ದು ಅಂತ. ಏಳು ತುಂಬಿದ್ರೆ ಅಲ್ಲಿಗೇ ನಿಲ್ಲುತ್ತೆ. ಶಕ್ತಿ ಇದ್ಯಾ, ಮೆಮೊರಿ ಸಾಕಾ, ಏನೂ ನೋಡಲ್ಲ.”

“ಅಂದ್ರೆ ಒಗ್ಗುತ್ತಾ?”

“ಒಗ್ಗುತ್ತೋ ಇಲ್ವೋ ಹಾಕಿ ನೋಡಿದ್ರೆ ತಾನೇ ಗೊತ್ತಾಗೋದು. ಇವ್ರು ಹಾಕೋದೇ ಇಲ್ವಲ್ಲ.”

ಪೆನ್‌ಡ್ರೈವಿನ ನಕಲು ಮಾಡಿ, ಆ ಒಂದು ಸಾಲನ್ನು ಅಳಿಸಿ, ಅಂಗಡಿಯ ಹನ್ನೆರಡು ವರ್ಷದ ಕಂಪ್ಯೂಟರಿಗೇ ಮೊದಲು ಹಾಕಿದರು. ಒಂದೂವರೆ ಗಂಟೆ ಹಿಡಿಯಿತು. ಹೊಸ ಆವೃತ್ತಿ ತನ್ನ ಬಣ್ಣದ ತೆರೆಯೊಂದಿಗೆ ಎದ್ದು ನಿಂತಿತು. ಸ್ವಲ್ಪ ನಿಧಾನ, ಅಷ್ಟೆ. ಅವರು ಹೇಳದೆಯೇ ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ನಾನು ಬರೆದ ಪತ್ರಗಳಲ್ಲಿ ಒಂದಾದರೂ ನಿಜವಾಗಿತ್ತೆ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ನಾನೊಂದು ಮಂಕು ಮೊಹರು, ಸ್ಕೂಟರಿನ ಮೇಲೆ ತಿರುಗುವ ಮೊಹರು ಎನ್ನಿಸಿತು.

ಅಂದು ಮಧ್ಯಾಹ್ನವೇ ಗೌರಾಂಬನವರ ಮನೆಯ ಬಾಗಿಲು ಹಾಕಿಕೊಂಡು ಬಿಳಿ ಪಂಚೆ ಎತ್ತಿದೆವು. ಸೂತಕದ ಯಂತ್ರವನ್ನು ಮುಟ್ಟುವುದು ನಮ್ಮಲ್ಲಿ ಮಹಾ ಅಪರಾಧ. ಗೌರಾಂಬ ಪಂಚೆಯನ್ನು ಮಡಿಚಿ ತಲೆದಿಂಬಿನ ಕೆಳಗಿಟ್ಟು, ಸ್ಲೇಟಿನ ಮೇಲೆ ‘ಒಳ್ಳೇ ಬಟ್ಟೆ’ ಎಂದು ಬರೆದರು.

ಅಂಗಡಿಯಲ್ಲಿ ಆದಷ್ಟು ಸುಲಭವಾಗಿ ಇಲ್ಲಿ ಆಗಲಿಲ್ಲ. ಸಿಸ್ಟಮ್ ಏನೋ ಕೂತಿತು, ಆದರೆ ಪರದೆಯೆಲ್ಲ ಹಸಿರಾಯಿತು, ಊರಿನ ಲೈನು ಹಿಡಿಯಲಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಧ್ವನಿಯ ಕಾರ್ಡನ್ನು ಹೊಸ ಆವೃತ್ತಿ ಕಣ್ಣೆತ್ತಿಯೂ ನೋಡಲಿಲ್ಲ. ಅಂಥದೊಂದು ಕಾರ್ಡು ಇದೆಯೆಂದೇ ಅದಕ್ಕೆ ಗೊತ್ತಿಲ್ಲ. ಜಲೀಲ್ ಸಾಬರು ಹಳೆಯ ಆವೃತ್ತಿಯಿಂದ ಕಾರ್ಡನ್ನು ಗುರುತಿಸುವ ಕಡತವನ್ನು ಹುಡುಕಿ ತೆಗೆದು, ಹೊಸದರ ಒಳಗೆ ಸೇರಿಸಿದರು. ಅದು ಹೊರಗೆ ತಳ್ಳಿತು. ಬೇರೆ ದಾರಿಯಿಂದ ಸೇರಿಸಿದರು. ಮತ್ತೆ ತಳ್ಳಿತು. ಪ್ರತಿಯೊಂದು ಸಲವೂ ಆರಿಸಿ ಹೊತ್ತಿಸಬೇಕು, ಪ್ರತಿಯೊಂದು ಸಲವೂ ಗೌರಾಂಬ ಟೈಪು ಮಾಡಬೇಕು, ಪ್ರತಿಯೊಂದು ಸಲವೂ ಮೌನ. ಆಕೆಯ ಮುಖದಲ್ಲಿ ಸಿಟ್ಟಿರಲಿಲ್ಲ. ಬೆರಳಿಟ್ಟು ಕಾಯುತ್ತಿದ್ದರು. ಆರನೆಯ ಸಲಕ್ಕೋ ಏಳನೆಯ ಸಲಕ್ಕೋ ಪೆಟ್ಟಿಗೆಯಿಂದ ಒಂದು ಗಂಡಸಿನ ಗೊರಕೆಯಂಥ ಸದ್ದು ಬಂತು.

“ಬಂತು, ವೇಗ ಕಮ್ಮಿ ಆಗಿದೆ ಅಷ್ಟೆ,” ಎಂದು ಜಲೀಲ್ ಸಾಬರು ಏನೋ ಅಂಕಿ ಬದಲಿಸಿದರು.

ಗೌರಾಂಬ ಮತ್ತೆ ಟೈಪು ಮಾಡಿದರು. ಇಡೀ ಊರಿಗೆ ಗೊತ್ತಿದ್ದ ಆ ಧ್ವನಿ, ಸ್ವಲ್ಪವೂ ಮುಕ್ಕಾಗದೆ, “ಆ ಉಪ್ಪಿಟ್ಟು ಮಾಡಿದ್ದು ಯಾರು? ಉಪ್ಪೇ ಇಲ್ಲ,” ಎಂದಿತು.

ಜಲೀಲ್ ಸಾಬರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸತೊಡಗಿದರು. ತುಂಬ ಹೊತ್ತು ಒರೆಸಿದರು. ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಹಸಿರು ಬಣ್ಣ ಹೋಗಲಿಲ್ಲ. ಗೌರಾಂಬ ಅದು ಇರಲಿ ಎಂದರು. ಲೈನು ಸಂಜೆಗೆ ಹಿಡಿಯಿತು.

ಮೂರನೆಯ ದಿನ ಬೆಳಿಗ್ಗೆ ಎಂಟು ಗಂಟೆಗೆ ತಮಟೆಯವರು ಬಂದರು, ಹಿಂದೆ ಪಂಚಾಕ್ಷರಪ್ಪನವರು, ಅವರ ಹಿಂದೆ ಬೀದಿಯ ಜನ. ಸ್ಟೀಲಿನ ಹೊಸ ಚಟ್ಟಕ್ಕೆ ಅಂದೇ ಪ್ರಥಮ ಪ್ರಯೋಗ, ಅದಕ್ಕೆ ಕುಂಕುಮ ಹಚ್ಚಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ.

“ಸರ್, ತಮಟೆ ನಿಲ್ಸಿ. ನಾನು ಬರೆದ ಪತ್ರ ಸುಳ್ಳು,” ಎಂದೆ. “ಕಂಪ್ಯೂಟರು ಸತ್ತಿಲ್ಲ. ಈ ವರ್ಷದ ಆವೃತ್ತಿ ಅದ್ರಲ್ಲಿ ಓಡ್ತಾ ಇದೆ. ಬಂದು ನೋಡಿ.”

ಅವರು ನೋಡಲು ಬರಲಿಲ್ಲ. ಬರಬೇಕಾಗಲೂ ಇಲ್ಲ. ಗೌರಾಂಬ ಕಿಟಕಿ ತೆರೆದು ಸ್ಪೀಕರನ್ನು ಹೊರಗಿನ ಕಟ್ಟೆಯ ಮೇಲಿಟ್ಟಿದ್ದರು. “ಪಂಚಾಕ್ಷರಪ್ಪನೋರೆ, ಈ ಬೀದಿಯ ಅರ್ಧ ಜನ ನನ್ನ ಧ್ವನಿ ಕೇಳ್ಕೊಂಡು ಬಸ್ಸು ಹತ್ತಿ ಮದುವೆ ಆಗೋಕೆ ಹೋದೋರು. ನೀವೂ ಹೋದ್ರಿ, ಆರೂಕಾಲಿನ ಬಸ್ಸಿಗೆ. ಈಗ ಅದನ್ನ ಚಟ್ಟದ ಮೇಲೆ ಹೊತ್ಕೊಂಡು ಹೋಗ್ಬೇಕು ಅಂತಿದ್ರೆ, ನಾನೂ ಜೊತೆಗೆ ಮಲಗ್ತೀನಿ. ಸ್ಟೀಲಿನದು ಅಲ್ವಾ, ತಡ್ಕೊಳುತ್ತೆ.”

ತಮಟೆಯವರಲ್ಲಿ ಒಬ್ಬ ನಕ್ಕ, ಪಕ್ಕದವನು ಮೊಣಕೈಯಿಂದ ತಿವಿದ.

“ಇದು ನಿಯಮಕ್ಕೆ ವಿರುದ್ಧ. ಏಳು ದಾಟಿದ ಯಂತ್ರದ ಮೇಲೆ ಹೊಸ ಆವೃತ್ತಿ ಹಾಕಿದ್ರೆ ಅದು ಯಂತ್ರ ಅಲ್ಲ, ಪ್ರೇತ,” ಎಂದರು ಪಂಚಾಕ್ಷರಪ್ಪನವರು.

ಗುಂಪಿನ ಹಿಂದೆ ನಿಂತಿದ್ದ ಜಲೀಲ್ ಸಾಬರು ಮೆಲ್ಲಗೆ ಕೇಳಿದರು. “ಸರ್, ಮಂಡಳಿ ಕಚೇರಿಯ ದೊಡ್ಡ ಕಂಪ್ಯೂಟರಿನ ಫ್ಯಾನಿಗೆ ವರ್ಷ ವರ್ಷ ಧೂಳು ತೆಗೆಯೋನು ನಾನೇ. ಅದಕ್ಕೆ ಹನ್ನೊಂದು ವರ್ಷ. ಅದ್ರಲ್ಲೂ ಈ ವರ್ಷದ ಆವೃತ್ತಿನೇ ಓಡ್ತಾ ಇರೋದು. ಅದು ಪ್ರೇತ ಅಲ್ವಾ?”

“ಅದು ಸಂಸ್ಥೆ. ಸಂಸ್ಥೆಗೆ ವಯಸ್ಸಿಲ್ಲ.”

ಇಂಥ ಮಾತಿಗೆ ಜನ ಏನು ಮಾಡುತ್ತಾರೆಂದು ನಾನು ನೋಡುತ್ತಿದ್ದೆ. ಜನ ತಲೆದೂಗಿದರು. ಹೌದಲ್ಲ, ಸಂಸ್ಥೆ ಬೇರೆ, ಮನೆ ಬೇರೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಒಬ್ಬಾಕೆಯ ಚಿಂತೆ, ಮೂರನೆಯ ದಿನದ ವಡೆ ಆಗಲೇ ಕರಿದಿಟ್ಟಾಗಿದೆಯಲ್ಲ, ಈಗ ತಿನ್ನಬಹುದೋ ಬಾರದೋ ಎಂದು. ಆದರೂ ಒಳಗೆ ನುಗ್ಗಿ ಕಂಪ್ಯೂಟರು ಎತ್ತಲು ಯಾರೂ ಮುಂದೆ ಬರಲಿಲ್ಲ. ಅದು ಕಿಟಕಿಯಿಂದ ಒಬ್ಬೊಬ್ಬರನ್ನೂ ಹೆಸರು ಹಿಡಿದು ಮಾತಾಡಿಸುತ್ತಿತ್ತು. ಹೆಸರು ಹಿಡಿದು ಕರೆಯುವುದನ್ನು ಚಟ್ಟಕ್ಕೆ ಕಟ್ಟುವ ಧೈರ್ಯ ನಮ್ಮ ಊರಿನವರಿಗೂ ಇರಲಿಲ್ಲ. ಖಾಲಿ ಚಟ್ಟ ವಾಪಸು ಹೋಯಿತು, ತಮಟೆಯಿಲ್ಲದೆ.

ಸಂಜೆಯೊಳಗೆ ನೋಟೀಸು ಬೋರ್ಡಿನಲ್ಲಿ ಎರಡು ಕಾಗದ. ನನ್ನನ್ನು ಕೆಲಸದಿಂದ ತೆಗೆದದ್ದು ಒಂದು. ಪ್ರೇತಯಂತ್ರದ ಧ್ವನಿಗೆ ಮುಖ ಕೊಟ್ಟು ಉತ್ತರಿಸಿದವರ ಮನೆಗೂ ಸೂತಕ ತಗಲುತ್ತದೆ ಎನ್ನುವುದು ಇನ್ನೊಂದು. ನಮ್ಮವರು ಒಂದೇ ದಿನದಲ್ಲಿ ಅದಕ್ಕೂ ಒಗ್ಗಿಕೊಂಡರು. ಗೌರಾಂಬನವರ ಮನೆಗೆ ಬರುವುದು ಬಿಡಲಿಲ್ಲ, ಬಂದು ಗೋಡೆಯ ಕಡೆ ಮುಖ ಮಾಡಿ ಕುಳಿತು ಹರಟುತ್ತಿದ್ದರು. ಬಸ್ಸಿನ ವೇಳೆ ಕೇಳುವವರು ಫೋನು ಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಇಷ್ಟು ನಾಚಿಕೆಗೇಡಿನ ವಿಧೇಯತೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಗೌರಾಂಬ ಮಾತ್ರ, “ಬೆನ್ನು ನೋಡ್ಕೊಂಡು ಮಾತಾಡೋದು ನನಗೆ ಅಭ್ಯಾಸ ಇದೆ, ಬಸ್ ಸ್ಟ್ಯಾಂಡಲ್ಲಿ ಎಲ್ರೂ ಬಸ್ಸಿನ ಕಡೆನೇ ನೋಡ್ತಿದ್ರು,” ಎನ್ನುತ್ತಿದ್ದರು.

ನಾನು ಜಲೀಲ್ ಸಾಬರ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಈಗ ಅವರು ನನಗೆ ಸ್ಟೂಲು ತೋರಿಸುತ್ತಾರೆ. ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ, ಏಳು ದಾಟಿದ ಯಂತ್ರ ಅದನ್ನು ಹಾಕಿಕೊಳ್ಳದಿದ್ದರೆ ಊರಿನ ಲೈನು ಕಡಿದುಹೋಗುತ್ತದೆ, ಹಾಕಿದಾಗಲೆಲ್ಲ ಅದು ಗೌರಾಂಬನವರ ಕಾರ್ಡನ್ನು ಹೊರಗೆ ತಳ್ಳುತ್ತದೆ. ನಾವು ಹೋಗಿ ಬೇರೊಂದು ದಾರಿ ಹುಡುಕಿ ಒಳಗೆ ಸೇರಿಸುತ್ತೇವೆ. ಮೊದಲ ವರ್ಷ ಎರಡು ದಿನ ಹಿಡಿಯಿತು, ಎರಡನೆಯ ವರ್ಷ ಐದು. ಆ ಐದು ದಿನ ಗೌರಾಂಬ ಸ್ಲೇಟಿನಲ್ಲಿ ನಮ್ಮಿಬ್ಬರನ್ನೂ ಬೈದರು. ಮುಂದಿನ ಸಲ ದಾರಿ ಸಿಗದೆಯೂ ಹೋಗಬಹುದು ಎಂದು ಜಲೀಲ್ ಸಾಬರು ಹೇಳಿದ್ದಾರೆ. ಅದನ್ನು ಆಕೆಯಿಂದ ಮುಚ್ಚಿಟ್ಟಿಲ್ಲ.

ಬೇರೆಯವರೂ ತಮ್ಮ ಕಂಪ್ಯೂಟರು ಹಿಡಿದುಕೊಂಡು ಬರುತ್ತಾರೆಂದು ನಾನು ಅಂದುಕೊಂಡಿದ್ದೆ. ಎರಡು ವರ್ಷ ಯಾರೂ ಬರಲಿಲ್ಲ. ಹೋದ ತಿಂಗಳು, ಮಧ್ಯಾಹ್ನ ಅಂಗಡಿಯಲ್ಲಿ ನಾನೊಬ್ಬಳೇ ಇದ್ದಾಗ ಟೈಲರ್ ಅಂದಾನಪ್ಪನವರು ಬಂದರು. ಅವರ ಮನೆಯ ಕಂಪ್ಯೂಟರಿಗೆ ಆರು ವರ್ಷದ ಹಿಂದೆ ಪತ್ರ ಬರೆದದ್ದು ನಾನೇ. ದೊಡ್ಡ ಚೀಲವೊಂದನ್ನು ಕಾಲಿನ ಹತ್ತಿರ ಇಟ್ಟುಕೊಂಡು ಕುಳಿತರು.

“ಮೇಡಂ, ಅವತ್ತು ನಮ್ಮನೇದು. ಅದು ಸತ್ತಿತ್ತಾ?”

“ಇಲ್ಲ ಅಂದಾನಪ್ಪನೋರೆ.”

“ನನ್ನ ಹೆಂಡ್ತಿ ಅದ್ರಲ್ಲೇ ಹೊಲಿಗೆ ಪಟ್ಟಿ ಬರೀತಿದ್ಲು. ಅವಳು ಹೋದ್ಮೇಲೆ ಅದನ್ನ ದಿನಾ ಒರೆಸ್ತಿದ್ದೆ. ಚಟ್ಟಕ್ಕೆ ನಾನೇ ಹೆಗಲು ಕೊಟ್ಟೆ.”

“ನನಗೆ ಗೊತ್ತಿರ್ಲಿಲ್ಲ” ಎಂದು ಶುರುಮಾಡಿ ಸುಮ್ಮನಾದೆ. ಗೊತ್ತಿರಲಿಲ್ಲ ಎನ್ನುವುದು ನಿಜ, ಆದರೆ ಅದನ್ನು ಹೇಳಿಕೊಳ್ಳುವ ಹಕ್ಕು ನನಗಿಲ್ಲ ಎನ್ನಿಸಿತು. “ತಪ್ಪಾಯ್ತು” ಎಂದೆ.

ಅವರು ಬಗ್ಗಿ ಚೀಲದ ಬಾಯಿ ಬಿಚ್ಚಿ, ಆಮೇಲೆ ಬಂದ ಕಂಪ್ಯೂಟರನ್ನು ಎರಡು ಕೈಯಲ್ಲಿ ಎತ್ತಿ ನನ್ನ ಮುಂದಿನ ಮೇಜಿನ ಮೇಲಿಟ್ಟರು. ಅದರ ಬೆನ್ನಿನ ಚೀಟಿಯಲ್ಲಿದ್ದ ತಾರೀಖು ನೋಡಿದೆ.

“ಇದಕ್ಕೆ ಏಳು ತುಂಬೋಕೆ ಇನ್ನೂ ಹತ್ತು ತಿಂಗಳಿದೆ,” ಎಂದೆ.

“ಗೊತ್ತು,” ಎಂದರು ಅಂದಾನಪ್ಪನವರು. “ಹೋದ ಸಲ ನೀವು ಬರ್ಲಿ ಅಂತ ಮನೇಲೇ ಕಾದಿದ್ದೆ.”